ಹಗೇವಿನ ನಕ್ಷೆ

ಶಿಗ್ಗಾಂವದ ಕಾಲೇಜಿನಲ್ಲಿ ಮೂರು ವರ್ಷ, ಅದು ಮುಗಿದ ಮೇಲೆ ಇನ್ನೆರಡು ವರ್ಷ, ನಾನೂ ನನ್ನ ಗೆಳೆಯನೂ ಕಂಪ್ಯೂಟರಿನ ಒಂದೇ ಮೌಸಿಗಾಗಿ ಜಗಳಾಡಿದೆವು. ಈಗ ಮೌಸು ಪೂರ್ತಿ ನನ್ನದೇ. ಅವನು ಬದುಕಿದ್ದಾನೆ, ಹಾನಗಲ್ಲಿನಲ್ಲಿದ್ದಾನೆ, ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಅವನ ಮುಂದೆ ನಿಲ್ಲಬಹುದು. ಆದರೆ ಕಳೆದ ವರ್ಷದ ಆ ಒಂದು ಬೆಳಗಿನ ನಂತರ ಅವನು ನನ್ನ ಜೊತೆ ಮೊದಲಿನಂತೆ ಕಂಪ್ಯೂಟರಿನ ಮುಂದೆ ಕೂತಿಲ್ಲ. ಮತ್ತೆ ಬಂದು ಕೂರುತ್ತಾನೆಯೇ ಎಂದು ನಾನು ಕಾಯುತ್ತಿದ್ದೆ.

ನಮ್ಮ ಹುಚ್ಚು ಆಟ ಆಡುವುದಕ್ಕಿಂತ ಆಟದ ಜಾಗ ಕಟ್ಟುವುದರಲ್ಲಿತ್ತು. ನಾವು ಹುಟ್ಟುವ ಮೊದಲೇ ಬಂದಿದ್ದ ಗುಂಡಿನ ಆಟ ಅದು. ತೆರೆಯ ಕೆಳಗೆ ಬಂದೂಕಿನ ತುದಿಯಷ್ಟೇ ಕಾಣುತ್ತದೆ; ನಮ್ಮ ಕಣ್ಣಿನಿಂದಲೇ ನೋಡುತ್ತಿರುವಂತೆ ಕೋಣೆಯಿಂದ ಕೋಣೆಗೆ ಓಡುತ್ತೇವೆ. ಅಂಥ ಕೋಣೆಗಳನ್ನು ಸ್ವತಃ ಮಾಡಿಕೊಳ್ಳಲು ಎಡಿಟರ್ ಒಂದು ಪುಕ್ಕಟೆ ಸಿಗುತ್ತದೆ. ಆಕಾಶದಿಂದ ನೋಡಿದಂತೆ ಗೆರೆ ಎಳೆಯಬೇಕು, ಗೆರೆ ಗೋಡೆಯಾಗುತ್ತದೆ. ಆಮೇಲೆ ನೆಲ ಎಷ್ಟು ಆಳ, ಚಾವಣಿ ಎಷ್ಟು ಎತ್ತರ, ಬೆಳಕು ಎಷ್ಟು ಎಂದು ಅಂಕಿ ಕೊಡಬೇಕು. ಸವಣೂರಿನ ಹಳೆಯ ಬಾಗಿಲೊಂದನ್ನು ನೋಡಿ ಬಂದು ಕಟ್ಟಿದ್ದೆವು, ನಮ್ಮ ಕಾಲೇಜಿನ ಮೆಟ್ಟಿಲುಗಳನ್ನು ಕಟ್ಟಿದ್ದೆವು. ಕಾಲೇಜಿನ ಲ್ಯಾಬಿನಲ್ಲಿ ಎರಡು ಕಂಪ್ಯೂಟರ್ ಜೋಡಿಸಿ ಆಡುವಾಗ ಗೆಳೆಯ ಯಾವುದಾದರೂ ಕತ್ತಲ ಮೂಲೆಯಲ್ಲಿ ಅಡಗುತ್ತಿದ್ದ. ಎಷ್ಟು ಕರೆದರೂ ಉಸಿರೆತ್ತುತ್ತಿರಲಿಲ್ಲ. ನಾನು ಹುಡುಕಿ ಸಾಕಾಗಿ ನಿಂತಾಗ ಹಿಂದಿನಿಂದ ಗುಂಡು ಬರುತ್ತಿತ್ತು. "ಸತ್ತಿ ಮಗನ, ಏಳು!"

ಹಂಸಭಾವಿಯ ಹತ್ತಿರದ ಹಳ್ಳಿಯಲ್ಲಿದ್ದ ಅವನ ಮನೆಯನ್ನೇ ಆಟದಲ್ಲಿ ಕಟ್ಟೋಣ ಎಂದವನು ನಾನು. ಅಲ್ಲಿ ಅಂಗಳದಲ್ಲಿ ಹಗೇವು ಇತ್ತು: ಜೋಳ ತುಂಬಿಡುವ, ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಒಳಗೆ ಹೊಟ್ಟೆ ದೊಡ್ಡದು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿ ಎಷ್ಟೋ ವರ್ಷಗಳಾಗಿದ್ದವು. "ಅಳತಿ ತಗೋಬೇಕಲೇ, ಅಂದಾಜಿನ್ಯಾಗ ನಡಿಯೂದಿಲ್ಲ," ಎಂದವನೂ ನಾನೇ.

ನಾವು ಕಲ್ಲು ಸರಿಸುವ ಸದ್ದಿಗೆ ಅವನ ಅಜ್ಜಿ ಪಡಸಾಲೆಯಿಂದ ಎದ್ದು ಬಂದರು. ಹಗೇವು ತೆರೆದರೆ ಒಂದು ದಿನ ಹಾಗೇ ಬಿಡಬೇಕು. ಆಮೇಲೆ ಹೊತ್ತಿಸಿದ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದರ್ಥ, ಯಾರೂ ಇಳಿಯುವಂತಿಲ್ಲ. ಅಲ್ಲಿಯ ರೀತಿ ಅದು.

"ಮೊದಲ ಕಂದೀಲ ಬಿಡ್ರೋ," ಎಂದರು ಅಜ್ಜಿ.

"ನಿನ್ನ ಕಂದೀಲ ಗುಜರಿಗೆ ಹೋತಬೇ. ಮೊಬೈಲ್ ಟಾರ್ಚ್ ಐತಿ. ಏನ ಮಾಡಿದ್ರೂ ಆರೂದಿಲ್ಲ ಇದು," ಎಂದ ಗೆಳೆಯ.

"ಆರೂದಿಲ್ಲಲ್ಲೋ, ಅದ ಅಂಜಿಕಿ ನನಗ."

ಇಬ್ಬರೂ ನಕ್ಕೆವು. ಗಾಳಿಯಿಲ್ಲದೆ ದೀಪ ಉರಿಯುವುದಿಲ್ಲ ಎಂದು ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಬರೆದವರು ನಾವು. ಅಜ್ಜಿ ಬೈಯುತ್ತಲೇ ಮೊಮ್ಮಗನ ನಡುವಿಗೆ ಹಗ್ಗ ಕಟ್ಟಿದರು.

ಅವನು ಇಳಿದ. ಟೇಪಿನ ಒಂದು ತುದಿ ನನ್ನ ಕೈಯಲ್ಲಿತ್ತು. "ಆಳ ಹನ್ನೊಂದು ಫೂಟು, ಬರಕೋ," ಎಂದ. ಬರೆದುಕೊಂಡೆ. "ಅಗಲಾ..." ಎಂದು ಎಳೆದ. ಮುಂದೆ ಮಾತಿಲ್ಲ. ಕೆಳಗೆ ಟಾರ್ಚು ನಿಚ್ಚಳವಾಗಿ ಉರಿಯುತ್ತಿತ್ತು.

"ಅಗಲ ಎಷ್ಟಲೇ?" ಎಂದೆ. ನಾನು ನಕ್ಕೆ. ಅಡಗಿ ಕೂತಿದ್ದಾನೆ ಎಂದುಕೊಂಡೆ. "ನಾಟಕ ಸಾಕು, ಬಾರಲೇ ಮ್ಯಾಲ," ಎಂದು ಮತ್ತೆ ನಕ್ಕೆ. ಎಷ್ಟು ಹೊತ್ತು ನಕ್ಕೆ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಹತ್ತು ಎಣಿಸುವಷ್ಟೋ, ಮೂವತ್ತು ಎಣಿಸುವಷ್ಟೋ. ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ, ಆ ನಗು ಮತ್ತೆ ಶುರುವಾಗುತ್ತದೆ, ನಾನು ಎಣಿಸುತ್ತೇನೆ.

ಅಜ್ಜಿ ಹಗ್ಗ ಜಗ್ಗಿ ನೋಡಿದರು. ಅದು ಭಾರವಾಗಿತ್ತು. "ಏನ ನೋಡಾಕತ್ತಿ, ಎಳಿಯೋ!" ಇಬ್ಬರೂ ಎಳೆದೆವು. ಮೇಲೆ ಬಂದ ಮೈ ಹಗೇವಿನ ಕಿರಿದಾದ ಕುತ್ತಿಗೆಯ ಬುಡದಲ್ಲಿ ಭುಜ ಸಿಕ್ಕು ನಿಂತುಬಿಟ್ಟಿತು. ಬಿಡಿಸಲು ನಾನು ಒಂದು ಕಾಲು ಒಳಗೆ ಬಿಟ್ಟೆ. ಅಜ್ಜಿ ನನ್ನ ಅಂಗಿಯ ಕಾಲರು ಹಿಡಿದರು. "ನೀನೂ ಹೋದ್ರ ಎಳ್ಯಾವ್ರು ಯಾರೋ?" ಅವರ ಕೂಗಿಗೆ ಎದುರುಮನೆಯ ಕಾಕಾ ಓಡಿ ಬಂದು, ಬೋರಲು ಮಲಗಿ, ತೋಳು ಇಳಿಬಿಟ್ಟು ಭುಜ ಓರೆ ಮಾಡಿದರು. ಗೆಳೆಯ ಹೊರಗೆ ಬಂದಾಗ ತುಟಿ ನೀಲಿಯಾಗಿತ್ತು. ಉಸಿರಿತ್ತು.

ಮೂರು ದಿನ ದವಾಖಾನೆಯಲ್ಲಿದ್ದ. ಮನೆಯವರು ಆ ವಾರವೇ ಹಗೇವಿಗೆ ಕಲ್ಲುಮಣ್ಣು ತುಂಬಿಸಿದರು. ಆಮೇಲೆ ಅವನಿಗೆ ಮುಚ್ಚಿದ ಕೋಣೆ ಆಗದಾಯಿತು. ಒಮ್ಮೆ ನಮ್ಮ ಮನೆಗೆ ಬಂದು ಆಟ ಶುರು ಮಾಡಿದವನು, ಮೊದಲ ಓಣಿಯಲ್ಲೇ ಬೆವರಿ ಎದ್ದುಹೋದ. ಈಗ ಹಾನಗಲ್ಲಿನ ಹೊರಗೆ ಅಕ್ಕನ ಗಂಡನ ನರ್ಸರಿಯಲ್ಲಿ ಮಾವಿನ ಸಸಿ ನೋಡಿಕೊಳ್ಳುತ್ತಾನೆ.

ಆ ಮನೆಯ ನಕ್ಷೆಯನ್ನು ನಾನೊಬ್ಬನೇ ಮುಗಿಸಿದೆ. ಆ ಹಳೆಯ ಆಟದಲ್ಲಿ ಒಂದು ಜಾಗದ ಮೇಲೆ ಇನ್ನೊಂದು ಜಾಗ ಬರಲಾರದು. ಹಾಗಾಗಿ ಕುತ್ತಿಗೆ ಕಿರಿದು, ಹೊಟ್ಟೆ ಹಿರಿದಾದ ಹಗೇವು ಅಲ್ಲಿ ಸಾಧ್ಯವೇ ಇಲ್ಲ. ಬಾಯಿಯನ್ನೂ ಹೊಟ್ಟೆಯಷ್ಟೇ ಅಗಲ ಮಾಡಿ, ಸುತ್ತ ಮೆಟ್ಟಿಲು ಕೊಟ್ಟೆ. ಯಾರು ಬೇಕಾದರೂ ನಡೆದು ಹತ್ತಿ ಬರಬಹುದು. ಸಂಜೆ ಕೆಲಸ ಮುಗಿಸಿ ಬಂದು ಆ ಮೆಟ್ಟಿಲಿಳಿಯುತ್ತಿದ್ದೆ. ಶತ್ರುಗಳನ್ನೆಲ್ಲ ತೆಗೆದುಹಾಕಿದ್ದೆ. ಕೆಳಗೆ ಯಾರೂ ಇರುತ್ತಿರಲಿಲ್ಲ. ಒಂದು ದಿನ ಚಾವಣಿಗಳನ್ನೂ ತೆಗೆದೆ. ಚಾವಣಿಗೆ ಆಕಾಶದ ಚಿತ್ರ ಹಚ್ಚಿದರೆ ಕೋಣೆ ಬಯಲಾಗುತ್ತದೆ. ಪಡಸಾಲೆ, ಅಡುಗೆಮನೆ, ಎಲ್ಲದರ ಮೇಲೂ ಆಕಾಶ. ಇದನ್ನಾದರೂ ಅವನು ನೋಡಬಹುದು ಎಂದು ಲ್ಯಾಪ್‌ಟಾಪ್ ಹೊತ್ತು ಹಾನಗಲ್ಲಿಗೆ ಹೋದೆ.

ಸಸಿಗಳ ನಡುವೆ ಕಟ್ಟೆಯ ಮೇಲೆ ಕೂತು ಓರೆಗಣ್ಣಿನಿಂದ ನೋಡಿದ. "ಅಡಗಿಮನಿಗೂ ಛತ್ತ ಇಲ್ಲೇನಲೇ? ಮಳಿ ಬಂದ್ರ ನಮ್ಮವ್ವ ರೊಟ್ಟಿ ಹೆಂಗ ಬಡೀತಾಳ?" ನಾನು ಅಗತ್ಯಕ್ಕಿಂತ ಜೋರಾಗಿ ನಕ್ಕೆ. ಅವನು ಕೀಬೋರ್ಡಿನ ಮೇಲೆ ಬೆರಳಿಟ್ಟು ಪಡಸಾಲೆ ದಾಟಿದ, ಅಂಗಳಕ್ಕೆ ಬಂದ, ಹಗೇವಿನ ಅಂಚಿನಲ್ಲಿ ನಿಂತ. ಕೈ ತೆಗೆದ.

"ಅವತ್ತ ನೀ ನಗಾಕತ್ತಿದ್ದಿ. ಕೇಳಸ್ತಿತ್ತು ನನಗ."

"ಬೈಯಲೇ ನನಗ," ಎಂದೆ.

"ಬೈಯೂದೇನೈತಿ. ನಾನೂ ನಗಬೇಕಂದ್ನಿ, ಆಗಲಿಲ್ಲ."

ಯಾರೋ ಸಸಿ ಕೇಳಲು ಬಂದರು, ಎದ್ದು ಹೋದ. ನಾನು ಹೊರಟಾಗ ಗೇಟಿನವರೆಗೆ ಬಂದು, "ಇನ್ನ ಮ್ಯಾಲ ಅದನ್ನ ತರಬ್ಯಾಡ. ನೀ ಬಾ," ಎಂದ.

ಹೂಂ ಎಂದೆ. ಅಲ್ಲಿಂದೀಚೆ ಎರಡು ಸಲ ಬರಿಗೈಯಲ್ಲಿ ಹೋಗಿ ಬಂದಿದ್ದೇನೆ. ಇಬ್ಬರೂ ಸಸಿಗಳಿಗೆ ನೀರು ಹಾಕುತ್ತೇವೆ, ಚಹಾ ಕುಡಿಯುತ್ತೇವೆ. ಅವನ ಪಕ್ಕದಲ್ಲೇ ನಿಂತಿರುವಾಗಲೂ ಅವನ ನೆನಪಾಗುತ್ತದೆ.