ಕೆರೆ ದಡದ ಗೆರೆಗಳು

ಕ್ಲಾಸಿನ ಕಿಟಕಿ ತೆರೆದರೆ ಸ್ಕಂದಗಿರಿ ಕಾಣುತ್ತದೆ. ಅದಕ್ಕೆ ಬೆನ್ನು ಹಾಕಿ ಕೂತು, ನಮ್ಮ ಡಿಗ್ರಿ ಕಾಲೇಜಿನ ಭೂಗೋಳ ವಿದ್ಯಾರ್ಥಿಗಳು ಹಿಂದಿನ ಬ್ಯಾಚಿನ ರೆಕಾರ್ಡ್ ಪುಸ್ತಕ ನೋಡಿಕೊಂಡು ಬೆಟ್ಟ ಬಿಡಿಸುತ್ತಿದ್ದರು. ಒಂದರೊಳಗೊಂದು ಐದು ಸುತ್ತು ಗೆರೆ, ನಡುವೆ ಒಂದು ಚುಕ್ಕಿ. ಹಿಂದಿನವರು ಅದನ್ನು ಅವರ ಹಿಂದಿನವರದ್ದು ನೋಡಿ ಬಿಡಿಸಿದ್ದರು. ಆ ಗೆರೆ ಏನೆಂದು ಕೇಳಿದರೆ, "ಸಮುದ್ರ ಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಸೇರಿಸುವ ಕಾಲ್ಪನಿಕ ರೇಖೆಯೇ ಸಮೋನ್ನತ ರೇಖೆ" ಎಂದು ಉಸಿರು ಬಿಡದೆ ಒಪ್ಪಿಸುತ್ತಿದ್ದರು. ಇದೇ ಗೆರೆಗಳಿರುವ ಸರ್ವೆ ನಕ್ಷೆ, ಟೋಪೋಶೀಟ್, ಮುಂದಿಟ್ಟು, "ಇಲ್ಲಿಂದ ಇಲ್ಲಿಗೆ ನಡೆದರೆ ಏರೋ, ಇಳಿಜಾರೋ?" ಎಂದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೀಗೆಯೇ ಕಲಿಸಿಕೊಂಡು ವರ್ಷಗಟ್ಟಲೆ ಸಂಬಳ ತೆಗೆದುಕೊಂಡವರಲ್ಲಿ ನಾನೂ ಒಬ್ಬಳು ಎಂಬುದು ನೆನಪಾದರೆ ಇನ್ನಷ್ಟು ಉರಿಯುತ್ತಿತ್ತು.

ಒಂದು ದಿನ ರೆಕಾರ್ಡ್ ಪುಸ್ತಕಗಳನ್ನೆಲ್ಲ ಮುಚ್ಚಿಸಿ, "ನಾಳೆ ಎಲ್ರೂ ಕೆರೆ ಗೋಡು ಮಣ್ಣು ತನ್ನಿ" ಎಂದೆ. ತಂದವಳು ಒಬ್ಬಳೇ. ಮಂಡಿಕಲ್ ಕಡೆಯ ಹಳ್ಳಿಯ ಹುಡುಗಿ. ಮನೆಯಲ್ಲಿ ತೆಲುಗು ಮಾತಾಡುವವಳು. ಬಾಯಿ ಬಿಟ್ಟರೆ ಕನ್ನಡದ ನಡುವೆ ತೆಲುಗು ನುಸುಳುತ್ತದೆ, ಉಳಿದವರು ನಗುತ್ತಾರೆ ಎಂದು ಎರಡು ವರ್ಷದಿಂದ ಹಾಜರಿ ಹೇಳಿದ್ದು ಬಿಟ್ಟರೆ ತರಗತಿಯಲ್ಲಿ ಮಾತೇ ಆಡಿರಲಿಲ್ಲ. ಕಂಡಕ್ಟರನ ಕೈಲಿ ಬೈಸಿಕೊಂಡು ಅರ್ಧ ಮೂಟೆ ಗೋಡನ್ನು ಬಸ್ಸಿನಲ್ಲಿ ಹಾಕಿಕೊಂಡು ಬಂದಿದ್ದಳು.

ಅದನ್ನು ಕಲಸಿ ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಬೆಟ್ಟ ಮಾಡಿದೆವು. ಒಂದು ಮಗ್ಗುಲು ಕಡಿದಾಗಿ, ಇನ್ನೊಂದು ಮಗ್ಗುಲು ಓರೆಯಾಗಿ. ಎರಡು ಬೆರಳೆತ್ತರ ನೀರು ಸುರಿಯುವುದು, ನೀರು ಮುಟ್ಟಿದ ಅಂಚಿನಲ್ಲಿ ಮೊಳೆಯಿಂದ ಸುತ್ತಲೂ ಗೀರುವುದು, ಮತ್ತೆ ಎರಡು ಬೆರಳು ಸುರಿಯುವುದು. ತುದಿ ಮುಳುಗುವವರೆಗೂ ಹೀಗೇ ಮಾಡಿ, ಆಮೇಲೆ ನೀರನ್ನೆಲ್ಲ ಮಗ್ಗಿನಲ್ಲಿ ತೋಡಿ ಹಾಕಿದೆವು. ಟಬ್ಬಿನ ಬಾಯಿಗೆ ಗಾಜಿಟ್ಟು ಮೇಲಿನಿಂದ ನೋಡಿದಾಗ, ಕಡಿದಾದ ಕಡೆ ಗೀರುಗಳು ಒತ್ತೊತ್ತಾಗಿ, ಓರೆಯ ಕಡೆ ದೂರ ದೂರವಾಗಿ ಕಂಡವು. ಅವನ್ನು ಗಾಜಿನ ಮೇಲೆ ಸ್ಕೆಚ್ ಪೆನ್ನಿನಿಂದ ತಿದ್ದುತ್ತಿದ್ದ ಆ ಹುಡುಗಿ ತಟ್ಟನೆ ಕೈ ನಿಲ್ಲಿಸಿದಳು.

"ಮೇಡಂ, ಬೇಸಿಗೇಲಿ ನಮ್ಮ ಚೆರುವು... ಕೆರೆ ಬತ್ತಾ ಹೋದಂಗೆ ದಡದಲ್ಲಿ ಗೆರೆ ಉಳ್ಕೊತದಲ್ಲ, ಅದೇ ಅಲ್ವಾ ಇದು? ಒಂದೊಂದು ಗೆರೆ ಒಂದೊಂದು ಮಟ್ಟ."

ಯಾರೂ ನಗಲಿಲ್ಲ. ಅಷ್ಟು ಚೆನ್ನಾಗಿ ನಾನೇ ಯಾವತ್ತೂ ಹೇಳಿರಲಿಲ್ಲ. ಅವತ್ತಿನಿಂದ ಅವಳನ್ನು ಸುಮ್ಮನಿರಿಸುವುದೇ ಕಷ್ಟವಾಯಿತು. ಟೋಪೋಶೀಟ್ ಹರವಿಕೊಂಡು, ಅಂಬಾಜಿದುರ್ಗವನ್ನು ಯಾವ ಕಡೆಯಿಂದ ಹತ್ತಿದರೆ ಸಲೀಸು ಎಂದು ಬೆರಳಿಟ್ಟು ತೋರಿಸಿ, ಒಪ್ಪದವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. ಎಂ.ಎಸ್ಸಿ. ಮಾಡಿ ತಾನೂ ಭೂಗೋಳ ಕಲಿಸುತ್ತೇನೆ ಎಂದು ನನ್ನೆದುರೇ ಹೇಳಿದಳು.

ಪ್ರಾಯೋಗಿಕ ಪರೀಕ್ಷೆಗೆ ಬೇರೆ ಊರಿನಿಂದ ಪರೀಕ್ಷಕರು ಬಂದರು. ವೈವಾದಲ್ಲಿ ಅವರು ಪ್ರಶ್ನೆ ಕೇಳುತ್ತಾರೆ, ನಾನು ಪಕ್ಕದಲ್ಲಿ ಕೂರುತ್ತೇನೆ, ಕೊನೆಗೆ ಅಂಕಪಟ್ಟಿಗೆ ಇಬ್ಬರೂ ಸಹಿ ಹಾಕಬೇಕು. ಅವಳ ಸರದಿ ಬಂತು.

"ಸಮೋನ್ನತ ರೇಖೆ ಅಂದ್ರೆ ಏನಮ್ಮ?"

"ಸಾರ್, ಕೆರೆ ಬತ್ತಾ ಹೋದಂಗೆ ದಡದಲ್ಲಿ..."

"ಕೆರೆ ಕಥೆ ಯಾರಮ್ಮ ಕೇಳಿದ್ದು? ಡೆಫಿನಿಷನ್ ಹೇಳು." ನಕ್ಕು ನನ್ನ ಕಡೆ ತಿರುಗಿದರು. "ಏನ್ ಮೇಡಂ, ಅಷ್ಟೂ ಬಾಯಿಪಾಠ ಮಾಡ್ಸಿಲ್ವಾ?"

ಅವಳು ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿ ಮುಂದಿನವರ ರೆಕಾರ್ಡ್ ತೆರೆದೆ. ಊಟದ ಹೊತ್ತಾಗಿದೆ, ಇನ್ನೂ ಅರ್ಧ ಕ್ಲಾಸು ಬಾಕಿಯಿದೆ, ಈ ಮನುಷ್ಯನನ್ನು ಕೆಣಕಿದರೆ ಉಳಿದವರ ಅಂಕಕ್ಕೂ ಕತ್ತರಿ ಹಾಕಿಯಾನು. ನೆಪಗಳಿಗೇನು ಬರ. ದಿನಬೆಳಗಾದರೆ ಮಕ್ಕಳ ಮೇಲೆ ಹರಿಹಾಯುವ ನನ್ನ ಕೋಪ ಬೇಕಾದ ಹೊತ್ತಿಗೆ ಎಲ್ಲಿ ಅಡಗಿತ್ತೋ. ಆತ ಹತ್ತಕ್ಕೆ ಮೂರು ಬರೆದ. ನಾನು ಸಹಿ ಹಾಕಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬರುತ್ತದೆ.

ಸಂಜೆ ಬಸ್ ಸ್ಟಾಂಡಿನಲ್ಲಿ ಅವಳೇ ಹತ್ತಿರ ಬಂದಳು.

"ಮೇಡಂ, ನಾನ್ ಹೇಳಿದ್ದು ತಪ್ಪಾ?"

"ಇಲ್ಲ ಕಣಮ್ಮ. ಸರಿಯಾಗೇ ಹೇಳ್ದೆ."

"ಮತ್ತೆ ನೀವ್ಯಾಕೆ ಸಾರ್‌ಗೆ ಹೇಳ್ಲಿಲ್ಲ?"

ಅವಳು ಬೈಯಲಿ, ಇಲ್ಲ ಅಳಲಿ ಎಂದು ಕಾದು ನಿಂತೆ. ಅಷ್ಟರಲ್ಲಿ ಅವಳ ಬಸ್ಸು ಬಂತು. ಹತ್ತುತ್ತಾ, ನನ್ನನ್ನೇ ಸಮಾಧಾನ ಮಾಡುವವಳ ಹಾಗೆ ಹೇಳಿದಳು.

"ಹೋಗ್ಲಿ ಬಿಡಿ ಮೇಡಂ. ಇನ್ಮೇಲೆ ಬುಕ್ಕಲ್ಲಿರೋದೇ ಹೇಳ್ತೀನಿ."