ಅತ್ತೆಗೆ ತಿಂಗಳಿಗೆ ಕಾಲು ಸುತ್ತು

ಎಣ್ಣೆ ಕುಡಿದು ಕಪ್ಪಾದ ಉಣ್ಣೆಯ ಉಂಡೆಯೊಂದನ್ನು ಜರುಗಣ್ಣ ಚಕ್ರದ ಸಂದಿಯಿಂದ ಬೆರಳಲ್ಲೇ ಮೀಟಿ ಎಳೆಯುತ್ತಿದ್ದಾರೆ. ಬೆಳಕು ಇನ್ನೂ ಶೆಡ್ಡಿನ ಬಾಗಿಲಲ್ಲೇ ನಿಂತಿದೆ, ಒಳಗೆ ಬಂದಿಲ್ಲ. ಉಗಿ ಎಂಜಿನ್ನಿನ ಹೊಟ್ಟೆಯಡಿ ತಲೆ ತೂರಿಸಿಕೊಂಡು ಮಲಗಿರುವ ಅವರ ಕಾಲೆರಡು ಮಾತ್ರ ಹೊರಗೆ ಕಾಣುತ್ತವೆ. ಒಂದು ಕಾಲಲ್ಲಿ ಚಪ್ಪಲಿ ಇದೆ, ಇನ್ನೊಂದರದು ಎಲ್ಲೋ ಕಳಚಿಕೊಂಡಿದೆ.

"ಅಮ್ಮಾ, ಆ ಬಟ್ಟೆ ಇತ್ಲಾಗೆ ಎಸೀರಿ. ಅದಲ್ಲ, ಕೊಳಕಾಗಿದ್ಯಲ್ಲ, ಅದು. ಒಳ್ಳೇದು ನನ್ನ ಮುಖಕ್ಕೆ" ಎಂದು ಒಳಗಿನಿಂದಲೇ, ಅವರ ಬಗ್ಗೆ ಬರೆಯಲು ಬಂದಿರುವ ನನಗೆ ಹೇಳುತ್ತಾರೆ.

ಈ ರೈಲು ಸಂಗ್ರಹಾಲಯದಲ್ಲಿ ಐದು ಹಳೆಯ ಎಂಜಿನ್ನುಗಳಿವೆ. ನಾಲ್ಕರ ಚಕ್ರಗಳನ್ನು ಹಳಿಗೇ ಬೆಸುಗೆ ಹಾಕಿ, ಸುತ್ತ ಸಿಮೆಂಟು ಮೆತ್ತಿದ್ದಾರೆ. ಐದನೆಯದರ ಹೊತ್ತಿಗೆ ಸಿಮೆಂಟು ಮುಗಿಯಿತು, ಹೋದ ಮೇಸ್ತ್ರಿ ಮತ್ತೆ ಬರಲಿಲ್ಲ. ಹಾಗೆ ಉಳಿದುಹೋದ ಅತಿ ಚಿಕ್ಕ ಎಂಜಿನ್ನಿಗೆ ಇಲ್ಲಿನವರೆಲ್ಲ ಅತ್ತೆ ಎನ್ನುತ್ತಾರೆ. ಮೈ ಅಲುಗಿಸಿದರೆ ಸಾಕು, ಗೊಣಗುತ್ತದೆ.

"ನನಗೆ ಮನೇಲಿ ಅತ್ತೆ ಕಾಟ ಇಲ್ಲ ಅಂತ ನೆಮ್ಮದಿಯಾಗಿದ್ದೆ. ಇವರು ಇಲ್ಲೊಬ್ಬಳನ್ನ ಸಾಕ್ಕೊಂಡಿದಾರೆ" ಎನ್ನುವವರು ಜರುಗಣ್ಣನ ಹೆಂಡತಿ. ಗೇಟಿನ ಪಕ್ಕದ ಕಿಟಕಿಯಲ್ಲಿ ಟಿಕೆಟ್ ಕೊಡುತ್ತಾರೆ.

ಕಸ ಗುಡಿಸುವ ಕೆಲಸಕ್ಕೆ ಜರುಗಣ್ಣ ಇಲ್ಲಿಗೆ ಬಂದಾಗ ಮೀಸೆ ಸರಿಯಾಗಿ ಮೂಡಿರಲಿಲ್ಲ. ಆಗ ಇದ್ದ ಮುದಿ ಫಿಟ್ಟರೊಬ್ಬರು ಒಂದು ಪಾಠ ಹೇಳಿಕೊಟ್ಟರು. ನಿಂತ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿಳಿಯುತ್ತದೆ, ಅಚ್ಚು ಮೇಲ್ಗಡೆ ಒಣಗಿ ತುಕ್ಕು ಹಿಡಿಯುತ್ತದೆ, ಕೊನೆಗೆ ಚಕ್ರ ಕಚ್ಚಿಕೊಂಡು ಕೂತುಬಿಡುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ಚಕ್ರವನ್ನು ಕಾಲು ಸುತ್ತಾದರೂ ತಿರುಗಿಸಬೇಕು. ಹುಡುಗನಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರು.

"ದಿನಾ ಅಪ್ಪನ ಮಗ್ಗುಲು ಬದಲಾಯಿಸಿ ಬರ್ತಿದ್ದೆ. ಮಲಗಿದವರನ್ನ ಹಾಗೇ ಬಿಟ್ರೆ ಬೆನ್ನು ಹುಣ್ಣಾಗುತ್ತಲ್ಲ, ಇವಳಿಗೂ ಅದೇ ಅಂದ್ಕೊಂಡೆ. ಅಷ್ಟೇ."

ಅವತ್ತಿನಿಂದ ಹಾರೆಯನ್ನು ಚಕ್ರದಡಿ ಕೊಟ್ಟು ಮೀಟುತ್ತ, "ಜರುಗು, ಜರುಗು" ಎಂದು ಕೂಗುತ್ತ ಜರುಗಣ್ಣ ಎಂಬ ಹೆಸರನ್ನೇ ಗಳಿಸಿದರು. ಅತ್ತೆಗಿರುವುದು ಶೆಡ್ಡಿನೊಳಗಿನ ಒಂದು ತುಂಡು ಹಳಿ. ಕೊನೆ ಮುಟ್ಟಿದರೆ ವಾಪಸು, ಮತ್ತೆ ಮುಂದಕ್ಕೆ. "ಹೊರಗೆ ಕಾಲಿಡದೇನೇ ಊರೂರು ಸುತ್ತಿದಾಳೆ" ಎಂದು ನಗುತ್ತಾರೆ. ಒಮ್ಮೆ ಹಾರೆ ಜಾರಿ ಭುಜದ ಮೂಳೆ ಮುರಿಯಿತು. ಆಗ ದಿನಗೂಲಿ, ಕೆಲಸ ಮಾಡಿದ ದಿನಕ್ಕಷ್ಟೇ ಸಂಬಳ. ಆ ಮಳೆಗಾಲ ಒಲೆ ಉರಿದದ್ದು ಟಿಕೆಟ್ ಕಿಟಕಿಯಿಂದ. ಗಂಡ ಮನೆಯಲ್ಲಿ ಕೂತಿದ್ದ ಆ ತಿಂಗಳುಗಳಲ್ಲಿ ಹಾರೆ ಹಿಡಿದವರೂ ಹೆಂಡತಿಯೇ. ಅದನ್ನು ಅವರು ತಾವಾಗಿ ಹೇಳುವುದಿಲ್ಲ, ಜರುಗಣ್ಣ ಹೇಳುತ್ತಾರೆ.

ಈಗ ಒಂದು ಪೇಚು ಬಂದಿದೆ. ದೂರದ ಇನ್ನೊಂದು ಸಂಗ್ರಹಾಲಯದವರು ಭಾನುವಾರ ಜನರನ್ನು ಕೂರಿಸಿಕೊಂಡು ಒಂದು ಪುಟ್ಟ ರೈಲು ಓಡಿಸಬೇಕೆಂದಿದ್ದಾರೆ. ಬಾಯ್ಲರನ್ನು ಹೊಸದಾಗಿ ಮಾಡಿಸುತ್ತಾರಂತೆ. ಚಕ್ರ ತಿರುಗುವ ಎಂಜಿನ್ನು ಮಾತ್ರ ಬೇಕು, ಈ ವಾರದೊಳಗೆ ಉತ್ತರ ಬರದಿದ್ದರೆ ಬೇರೆ ಕಡೆ ಹುಡುಕುತ್ತೇವೆ ಎಂದು ಈಗ ಎರಡನೇ ಸಲ ಬರೆದಿದ್ದಾರೆ. ಚಕ್ರ ತಿರುಗುತ್ತದೋ ಇಲ್ಲವೋ ಎಂದು ಎಂಜಿನ್ನು ನೋಡಿಕೊಳ್ಳುವವರೇ ಬರೆದು ಸಹಿ ಹಾಕಬೇಕು ಎಂಬುದು ಅವರ ಷರತ್ತು. ಇಲ್ಲಿನ ಮುಖ್ಯಸ್ಥೆ ಬಲವಂತ ಮಾಡಿಲ್ಲ. "ನೀವು ಏನು ಬರೆದ್ರೂ ಅದೇ ಸರಿ" ಎಂದು ಕಾಗದ ಜರುಗಣ್ಣನ ಕೈಗಿತ್ತು ಸುಮ್ಮನಾಗಿದ್ದಾರೆ. ಬೇಸಿಗೆಯಲ್ಲಿ ಕೊಟ್ಟ ಆ ಕಾಗದ ಮಳೆ ಮುಗಿದರೂ ಟಿಕೆಟ್ ಡ್ರಾಯರಿನಲ್ಲೇ ಇದೆ. ತಿರುಗುತ್ತದೆ ಎಂದು ಬರೆದರೆ ಅತ್ತೆ ಹೋಗುತ್ತಾಳೆ. ತಿರುಗುವುದಿಲ್ಲ ಎಂದು ಬರೆಯಲು ಕೈ ಏಳುವುದಿಲ್ಲ.

"ತಿರುಗೋ ಹಾಗೆ ಇಟ್ಟಿದ್ದೇ ತಪ್ಪಾಯ್ತು ನೋಡಿ" ಎನ್ನುತ್ತಾರೆ, ಹೊಸ ಉಣ್ಣೆಯನ್ನು ಎಣ್ಣೆಯಲ್ಲಿ ಅದ್ದುತ್ತ. ಈ ಸಲ ಒಳ್ಳೆಯ ಎಣ್ಣೆ ಬಂದಿದೆ. ಧಾರಾಳವಾಗಿ ಕುಡಿಸುತ್ತಾರೆ.

ಅಷ್ಟರಲ್ಲಿ ತೋಟದ ಮಾಲಿ ಕೈ ಜೋಡಿಸಲು ಬರುತ್ತಾನೆ. ಇಬ್ಬರೂ ಹಾರೆಗೆ ಮೈಭಾರ ಬಿಡುತ್ತಾರೆ. ಅತ್ತೆ ಇವತ್ತು ಗೊಣಗುವುದಿಲ್ಲ. ಕಾಲು ಸುತ್ತು ತಿರುಗುತ್ತಾಳೆ, ಆಮೇಲೆ ಅರ್ಧ, ಆಮೇಲೆ ಇವರ ಹಾರೆಯನ್ನು ಬಿಟ್ಟು ತನ್ನ ಪಾಡಿಗೆ ಬಾಗಿಲಿನ ಕಡೆಗೆ ಹೊರಡುತ್ತಾಳೆ! ಶೆಡ್ಡಿನ ನೆಲ ಆ ಕಡೆಗೆ ಒಂದಿಷ್ಟು ಇಳಿಜಾರು.

"ಬೆಣೆ! ಬೆಣೆ ಎಲ್ಲೋ?"

"ನೀವಿಟ್ಟಿದೀರಿ ಅಂದ್ಕೊಂಡೆ!"

"ನೀನಿಟ್ಟಿದೀಯ ಅಂತ ನಾನು! ಅಯ್ಯೋ, ನಿನ್ನ..."

ಜರುಗಣ್ಣ ಒಂಟಿ ಚಪ್ಪಲಿಯಲ್ಲೇ ಓಡುತ್ತಾರೆ. ಮೂಲೆಯಲ್ಲಿದ್ದ ಮರದ ಬೆಣೆಯನ್ನು ಎತ್ತಿ ಹಳಿಯ ಮೇಲೆ ಎಸೆಯುತ್ತಾರೆ. ಚಕ್ರ ಬೆಣೆಯನ್ನು ಕಚ್ಚಿ, ಒಂದು ಸಲ ತೂಗಿ, ಹಳಿಯ ಕೊನೆಗೆ ಒಂದು ಮೊಳ ಇರುವಾಗ ನಿಲ್ಲುತ್ತದೆ. ಹೊರಗಿನ ಬಿಸಿಲು ಅತ್ತೆಯ ಮುಂಭಾಗಕ್ಕೆ ನೇರವಾಗಿ ಬಿದ್ದಿದೆ.

ಮಾಲಿ ಎದೆ ಹಿಡಿದುಕೊಂಡು ಕೂತುಬಿಟ್ಟಿದ್ದಾನೆ. ಜರುಗಣ್ಣನಿಗೆ ಮಾತ್ರ ನಗು ತಡೆಯಲಾಗುತ್ತಿಲ್ಲ. ಒಳ್ಳೆಯ ಬಟ್ಟೆಯನ್ನು ಬಿಟ್ಟು ಕೊಳಕು ಬಟ್ಟೆಯಲ್ಲೇ ಕಣ್ಣೊರೆಸಿಕೊಳ್ಳುತ್ತ ನಗುತ್ತಾರೆ. "ನಾನೇನೋ ಇವಳನ್ನ ಕಳಿಸ್ಬೇಕಾ ಬೇಡ್ವಾ ಅಂತ ತಲೆ ಕೆಡಿಸ್ಕೊಂಡು ಕೂತಿದೀನಿ. ಇವಳು ನೋಡಿದ್ರೆ ಹೊರಟೇ ಬಿಟ್ಲು."

ಸೀದಾ ಟಿಕೆಟ್ ಕಿಟಕಿಗೆ ಹೋಗುತ್ತಾರೆ.

"ಆ ಕಾಗದ ಕೊಡು."

"ಕೈ ತೊಳ್ಕೊಂಡು ಬನ್ನಿ."

"ಕೈ ತೊಳೆಯೋಷ್ಟರಲ್ಲಿ ಮನಸ್ಸು ಬದಲಾದ್ರೆ? ಕೊಡೇ."

ಹೆಂಡತಿ ಕಾಗದ, ಪೆನ್ನು ಎರಡನ್ನೂ ಕಿಟಕಿಯಿಂದ ಹೊರಗೆ ತಳ್ಳುತ್ತಾರೆ. ಜರುಗಣ್ಣ ನಿಂತುಕೊಂಡೇ ದೊಡ್ಡ ಅಕ್ಷರದಲ್ಲಿ ಬರೆದು, ಸಹಿ ಹಾಕಿ, ಹಿಂದಕ್ಕೆ ಕೊಡುತ್ತಾರೆ. ಹೆಂಡತಿ ಗಟ್ಟಿಯಾಗಿ ಓದುತ್ತಾರೆ: "ಚಕ್ರಗಳು ಚೆನ್ನಾಗಿ ತಿರುಗುತ್ತವೆ. ನಿಲ್ಲಿಸಿದಾಗ ಬೆಣೆ ಇಡುವುದನ್ನು ಮರೆಯಬೇಡಿ. ತಾನಾಗಿ ಹೊರಡುತ್ತಾಳೆ."

ಆಮೇಲೆ ಕಾಗದವನ್ನು ಮಡಿಸಿ ಲಕೋಟೆಗೆ ಹಾಕಿ, ವಿಳಾಸ ಬರೆದು ಗಂಡನ ಕೈಗಿಡುತ್ತಾರೆ.

"ಓಡೋಕೆ ಶುರು ಮಾಡಿದ ದಿನ ನಾವಿಬ್ರೂ ಹೋಗಿ ಕೂತ್ಕೊಂಡು ಬರೋಣ. ಟಿಕೆಟ್ ತಗೊಂಡೇ" ಎನ್ನುತ್ತಾರೆ ಜರುಗಣ್ಣ.

"ಲಕೋಟೆ ಮೇಲೆ ನೋಡಿ, ಎಣ್ಣೆ ಬೆರಳು."

"ಇರ್ಲಿ ಬಿಡು. ಅತ್ತೆ ಹೆಬ್ಬೆಟ್ಟು ಒತ್ತಿದಾಳೆ ಅಂದ್ಕೋತಾರೆ."

ಗೇಟಿನಾಚೆ ಅಂಚೆಪೆಟ್ಟಿಗೆ ಇದೆ. ಮಾಲಿ ತಾನು ಹಾಕಿ ಬರುತ್ತೇನೆಂದು ಕೈ ಚಾಚುತ್ತಾನೆ. ಜರುಗಣ್ಣ ಕೊಡುವುದಿಲ್ಲ. ಒಂಟಿ ಚಪ್ಪಲಿಯಲ್ಲಿ ರಸ್ತೆ ದಾಟಿ, ಲಕೋಟೆಯನ್ನು ಪೆಟ್ಟಿಗೆಯ ಬಾಯಿಗಿಟ್ಟು, ಹಾರೆಗೆ ಕೊಡುವ ಹಾಗೆಯೇ ಒಂದು ಪುಟ್ಟ ನೂಕು ಕೊಡುತ್ತಾರೆ.