ಗಾಜಿನ ಹಿಂದಿನ ಕೆಲಸ

ತೆಲಂಗಾಣದ ಗಡಿಯಲ್ಲಿರುವ ನಾರಾಯಣಪೇಟೆಯ ನೇಕಾರರ ಮನೆಯಲ್ಲಿ ಹುಟ್ಟಿದರೂ ನನಗೆ ನೇಯಲು ಬರುವುದಿಲ್ಲ. ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಅಪ್ಪ ನೇಯುವುದನ್ನು ಬಿಟ್ಟು ಮಗ್ಗದಿಂದ ಎದ್ದ ಮೇಲೆ, ಅವರಿಗೆ ಗೊತ್ತಿದ್ದದ್ದನ್ನಾದರೂ ಒಂದು ಕಡೆ ಕೂಡಿಡೋಣ ಎಂದು ಕೈಮಗ್ಗಕ್ಕೆ ಸಂಬಂಧಿಸಿದ ವೆಬ್‌ಸೈಟ್ ಶುರುಮಾಡಿದೆ. ಉದ್ದೆಳೆಗಳ ಹಾಸನ್ನು ಮಗ್ಗಕ್ಕೆ ಏರಿಸುವುದು ಹೇಗೆ, ಲಾಳಿ ಸಿಕ್ಕಿಕೊಂಡರೆ ಏನು ಮಾಡಬೇಕು, ಯಾವ ಅಂಚಿಗೆ ಏನು ಹೆಸರು, ಇಂಥವೇ. ಕನ್ನಡದಲ್ಲೂ ತೆಲುಗಿನಲ್ಲೂ ಬರೆಯುತ್ತಿದ್ದೆ. ಚಿಕ್ಕಪ್ಪನ ಮಗ, ನನ್ನ ತಮ್ಮ, ಫೋಟೊ ತೆಗೆದು ಕೊಡುತ್ತಿದ್ದ.

ಓದುವವರು ಸೀರೆಯ ಚಿತ್ರದ ಕೆಳಗೆ ಬೇರೆಯದನ್ನೇ ಬರೆಯತೊಡಗಿದರು: 'ಎಲ್ಲಿಯಾದರೂ ಕೆಲಸ ಇದೆಯಾ?' ಮಗ್ಗದವರೂ ಕೇಳುತ್ತಿದ್ದರು: 'ಹಾಸು ಮಾಡುವವರು ಸಿಗುತ್ತಾರಾ?' ಇಬ್ಬರೂ ಒಂದೇ ಪುಟದಲ್ಲಿ ಇದ್ದರೂ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಹಾಗಾಗಿ 'ಕೆಲಸ' ಎಂಬ ಬೇರೆಯದೇ ಪುಟ ಮಾಡಿದೆ. ಮೊದಲ ವಾರ ಉಟ್ಕೂರಿನ ಹೆಂಗಸೊಬ್ಬಳಿಗೆ ನಮ್ಮ ಪಕ್ಕದ ಓಣಿಯಲ್ಲೇ ನೂಲು ಸುತ್ತುವ ಕೆಲಸ ಸಿಕ್ಕಿತು. ಆಕೆ ಮನೆಗೆ ಬಂದು ಒಂದು ಚೀಲ ಶೇಂಗಾ ಕೊಟ್ಟು ಹೋದಳು. ಆ ದಿನ ಆದಷ್ಟು ಸಂತೋಷ ಆಮೇಲೆ ಆ ಪುಟದಿಂದ ನನಗೆ ಆಗಿಲ್ಲ.

ಪುಟ ಬೆಳೆಯಿತು. ಮಗ್ಗದವರಿಗಿಂತ ಅಂಗಡಿಯವರು ಹೆಚ್ಚಾದರು. ಗದ್ವಾಲ, ರಾಯಚೂರು, ಮಹಬೂಬನಗರದ ಕಡೆಯಿಂದ ಜಾಹೀರಾತು ಬರತೊಡಗಿದವು. ಸೀರೆ ಬಿಡಿಸಿ ತೋರಿಸಲು ಹುಡುಗಿ ಬೇಕು, ಬೆಳ್ಳಗಿರಬೇಕು. ಮದುವೆಯಾಗಿರಬಾರದು. ಎರಡು ಫೋಟೊ ಕಳಿಸಬೇಕು, ಒಂದು ನಿಂತದ್ದು. ಒಬ್ಬ ಫೋನ್ ಮಾಡಿ, "ನಮ್ಮವರೇ ಬೇಕ್ರಿ, ಬರೆಯೋದು ಬ್ಯಾಡ, ನೀವಾ ನೋಡಿ ಕಳಸ್ರಿ" ಎಂದ. 'ನಮ್ಮವರು' ಎಂದರೆ ಯಾರೆಂದು ನನಗೆ ಅರ್ಥವಾಗಿತ್ತು. ನಾನು ಫೋನ್ ಇಟ್ಟೆ. ಅಂಥವನ್ನೆಲ್ಲ ಅಳಿಸುತ್ತಿದ್ದೆ, ಅಳಿಸಿದ ಮೇಲೆ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತಿತ್ತು. ತಮ್ಮ ಮಾತ್ರ, "ಅಕ್ಕಾ, ನೀನು ಹಿಂಗ ತೆಗಕೋಂತ ಹೋದ್ರ ಪುಟದಾಗ ಏನು ಉಳಿತೈತಿ?" ಎಂದು ಗೊಣಗುತ್ತಿದ್ದ.

ಗದ್ವಾಲದ ಒಂದು ದೊಡ್ಡ ಅಂಗಡಿಯ ಜಾಹೀರಾತು ಮಾತ್ರ ಬೇರೆಯಾಗಿತ್ತು. 'ಅನುಭವವಿರುವ ನೇಕಾರ ಹೆಂಗಸು ಬೇಕು. ವಯಸ್ಸಿನ ಮಿತಿ ಇಲ್ಲ.' ಓದಿ ಮನಸ್ಸು ಹಗುರವಾಯಿತು. ಮಕ್ತಲ್‌ನ ಒಬ್ಬ ಹೆಂಗಸು ಅದಕ್ಕೆ ಅರ್ಜಿ ಹಾಕಿದಳು. ಅರವತ್ತರ ಹತ್ತಿರದವಳು, ಹುಡುಗಿಯಾಗಿದ್ದಾಗಿನಿಂದ ನೇಯ್ದವಳು. ಮನೆಯ ಮಗ್ಗ ಕಿತ್ತ ಮೇಲೆ ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಫೋನಿನಲ್ಲಿ ನನಗೆ, "ರೊಟ್ಟಿ ಬಡಿಯೋ ಕೈಗೆ ಲಾಳಿ ನೆನಪೈತ್ರಿ, ಕೇಳ್ರಿ ಅವರನ್ನ" ಎಂದಳು. ನಾನೇ ಅಂಗಡಿಗೆ ಹೇಳಿದೆ. ಕೆಲಸ ಆಯಿತು. ತಮ್ಮ ಆ ಅಂಗಡಿಗೆ ಹೋಗಿ ಮಗ್ಗದ ಮುಂದೆ ಕೂರಿಸಿ ಆಕೆಯ ಫೋಟೊ ತೆಗೆದು ತಂದ. ಅದನ್ನು ಪುಟದ ನೆತ್ತಿಗೆ ಹಾಕಿ, 'ಮತ್ತೆ ಮಗ್ಗಕ್ಕೆ' ಎಂದು ಬರೆದೆ. ಆ ಫೋಟೊ ನೋಡಿಯೇ ಎಷ್ಟೋ ಜನ ನಮ್ಮ ಪುಟಕ್ಕೆ ಬಂದರು.

ಕೆಲವು ತಿಂಗಳ ನಂತರ, ಆಕೆಯ ಬಗ್ಗೆ ಇನ್ನಷ್ಟು ಬರೆಯೋಣವೆಂದು ಗದ್ವಾಲಕ್ಕೆ ಹೋದೆ. ಅಂಗಡಿಯ ಬಾಗಿಲಿನ ಬಳಿಯೇ ಗಾಜಿನ ಒಂದು ಕೋಣೆ. ಒಳಗೆ ಪಾಲಿಶ್ ಹೊಡೆದ ಮಗ್ಗ. ಅದರ ಮುಂದೆ ಆಕೆ, ಮೈತುಂಬ ಜರಿ ಸೀರೆ, ತಲೆಗೆ ಮಲ್ಲಿಗೆ, ಹಣೆಯ ಮೇಲೆ ಯಾರೋ ಇಟ್ಟ ದೊಡ್ಡ ಕುಂಕುಮ. ಲಾಳಿ ಅತ್ತಿತ್ತ ಓಡುತ್ತಿತ್ತು. ನಾನು ಗಾಜಿನ ಈಚೆ ನಿಂತು ಬಹಳ ಹೊತ್ತು ನೋಡಿದೆ. ನೇಯ್ಗೆ ಒಂದು ಎಳೆಯಷ್ಟೂ ಮುಂದೆ ಹೋಗಲಿಲ್ಲ. ಲಾಳಿಯಲ್ಲಿ ನೂಲೇ ಇರಲಿಲ್ಲ.

ಪಕ್ಕದಲ್ಲಿ ಸೇಲ್ಸ್‌ಮನ್ ಒಬ್ಬ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತ, ಇದನ್ನು ಆ ಅಮ್ಮನೇ ಕೂತು ನೇಯ್ದದ್ದು ಎಂದು ತೆಲುಗಿನಲ್ಲಿ ಹೇಳುತ್ತಿದ್ದ. ಹೇಳಿ ಗಾಜಿನ ಮೇಲೆ ಬೆರಳಿನಿಂದ ತಟ್ಟಿದ. ಆಕೆ ತಲೆಯೆತ್ತಿ ಕೈ ಮುಗಿದಳು. ಗಿರಾಕಿಯ ಹೆಂಡತಿಯೂ ಕೈ ಮುಗಿದಳು. ನಾನು ಆ ಸೀರೆಯ ಅಂಚನ್ನು ತಿರುವಿ ನೋಡಿದೆ. ಕೈಮಗ್ಗದಲ್ಲಿ ಬಟ್ಟೆ ಎಳೆದು ಹಿಡಿಯಲು ಕಡ್ಡಿ ಚುಚ್ಚುತ್ತಾರೆ, ಅದರ ಸಣ್ಣ ತೂತುಗಳು ಅಂಚಿನುದ್ದಕ್ಕೂ ಉಳಿದಿರುತ್ತವೆ. ಚಿಕ್ಕವಳಿದ್ದಾಗ ಅಪ್ಪ ಅವನ್ನು ಎಣಿಸಲು ಹೇಳುತ್ತಿದ್ದರು. ಇಲ್ಲಿ ಒಂದೂ ಇರಲಿಲ್ಲ. ಎಲ್ಲಿಯದೋ ಯಂತ್ರದ ಮಾಲು.

ಮಾಲೀಕರು ನನ್ನನ್ನು ಗುರುತಿಸಿ ಒಳಗೆ ಕರೆದು ಕೂರಿಸಿ ಟೀ ತರಿಸಿದರು. ಬಹಳ ಮರ್ಯಾದೆಯ ಮನುಷ್ಯ. "ನೀವು ಹಾಕಿದ ಫೋಟೊ ಭಾಳ ಕೆಲಸ ಮಾಡೈತಿ ನೋಡ್ರಿ ಮೇಡಂ. ನಾವೂ ಹೊರಗ ಬೋರ್ಡಿಗೆ ಹಾಕೀವಿ. ಇನ್ನೊಂದು ಅಂಗಡಿ ಮಾಡಾಕತ್ತೀವಿ, ಇನ್ನಿಬ್ಬರನ್ನ ಕೊಡ್ರಿ. ವಯಸ್ಸಾದವರಾ ಬೇಕು. ಮಕದ ಮ್ಯಾಲ ಸುಕ್ಕು ಇದ್ರ ಗಿರಾಕಿ ಲಗೂ ನಂಬತಾರ."

"ಅವರು ನೇಯೋದೇ ಇಲ್ಲಲ್ಲರೀ?"

"ನೇಯಿಸಿದ್ರ ಸೀರಿ ಮುಗೀತೈತಿ, ಮತ್ತ ಹಾಸು ಏರಿಸಬೇಕು, ಅದು ಯಾರಿಗೆ ಬೇಕಾಗೈತಿ? ಕುಂದ್ರಾಕ ಪಗಾರ ಕೊಡ್ತೀವಿ, ಎಷ್ಟು ಆರಾಮ ನೋಡ್ರಿ."

ಆ ಟೀಯನ್ನು ನಾನು ಪೂರ್ತಿ ಕುಡಿದೆ. ಕಪ್ ಕೆಳಗಿಟ್ಟು, "ಬರ್ತೀನ್ರಿ" ಎಂದೂ ಹೇಳಿದೆ. ಅವರ ಮಾತಿನಷ್ಟೇ ನನ್ನ ಆ ಸಭ್ಯತೆಯೂ ಇವತ್ತಿಗೂ ಅಸಹ್ಯ ಹುಟ್ಟಿಸುತ್ತದೆ.

ಊಟದ ಹೊತ್ತಿಗೆ ಆಕೆ ಹಿಂದಿನ ಗೋದಾಮಿನಲ್ಲಿ ಜರಿ ಸೀರೆ ಬಿಚ್ಚಿಟ್ಟು, ತನ್ನ ಹಳೆಯ ಸೀರೆ ಉಟ್ಟು ಬುತ್ತಿ ಬಿಚ್ಚಿದ್ದಳು. ನಾನು ಹತ್ತಿರ ಕೂತೆ.

"ಅಮ್ಮಾ, ಹಿಂಗ ಐತಿ ಅಂತ ನನಗ ಯಾಕ ಹೇಳಲಿಲ್ಲ?"

ಆಕೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಏನಂತ ಹೇಳಲ್ರಿ? ನೀವಾ ಹಾಕಿದ ಕೆಲಸ. ನಿಮಗ ಗೊತ್ತೈತಿ ಅಂದ್ಕಂಡಿದ್ದೆ."

ಮತ್ತೆ ರೊಟ್ಟಿ ಮುರಿಯುತ್ತ ತಾನಾಗಿಯೇ ಹೇಳಿದಳು. "ಮೊದಲ ದಿನ ಒಂದು ಗೇಣು ನೇಯ್ದೆ. ಬಂದು ಬೈದ್ರು. ಮಂದಿ ಕೈ ಮುಗೀತಾರಲ್ಲ, ಅವಾಗ ಮಕ ಎಲ್ಲಿ ಇಟ್ಕೋಬೇಕೋ ತಿಳೀವಲ್ದು. ರೊಟ್ಟಿ ಬಡಿಯೋದಾದ್ರ ರೊಟ್ಟಿ ಆದ್ರೂ ಆಗತಿತ್ತು."

ನಾರಾಯಣಪೇಟೆಗೆ ಬಂದವಳೇ ಪುಟದಿಂದ ಆಕೆಯ ಫೋಟೊ ತೆಗೆದುಹಾಕಿದೆ. ಆ ಜಾಹೀರಾತು ಇದ್ದ ಜಾಗದಲ್ಲಿ ಅಂಗಡಿಯ ಹೆಸರು ಬರೆಯದೆ ಎರಡು ಸಾಲು ಹಾಕಿದೆ: ಇದು ನೇಯುವ ಕೆಲಸವಲ್ಲ, ಗಾಜಿನ ಹಿಂದೆ ಕೂರುವ ಕೆಲಸ. ನೋಡದೆ ಹಾಕಿದ್ದು ನನ್ನ ತಪ್ಪು.

ತಮ್ಮನಿಗೆ ಸಿಟ್ಟು ಬಂತು. "ಅದರಾಗ ತಪ್ಪೇನೈತಕ್ಕಾ? ಪಗಾರ ಕೊಡ್ತಾರಿಲ್ಲ?" ಎಂದ. ಅವನು ಅಂದು ಫೋಟೊ ತೆಗೆಯಲು ಹೋದಾಗಲೇ ಖಾಲಿ ಲಾಳಿ ನೋಡಿದ್ದನಂತೆ. ಅದನ್ನು ಹೇಳುವಾಗ ಅವನ ಮುಖದಲ್ಲಿ ಒಂದಿಷ್ಟೂ ಅಳುಕು ಇರಲಿಲ್ಲ. ಜಗಳವಾಯಿತು. ಅವನು ಬೇರೆ ಪುಟ ಮಾಡಿಕೊಂಡ, ಅಂಗಡಿಯವರೆಲ್ಲ ಅವನ ಹಿಂದೆ ಹೋದರು. ಮದುವೆ ಮುಂಜಿಯಲ್ಲಿ ಸಿಕ್ಕರೆ ಮಾತಾಡುತ್ತೇವೆ. ಅವನ ಪುಟದ ನೆತ್ತಿಯಲ್ಲಿ ಈಗ ಇನ್ನೊಬ್ಬ ಮುದುಕಿ ಲಾಳಿ ಹಿಡಿದು ನಗುತ್ತಿದ್ದಾಳೆ.

ನಾನು ಬರೆದದ್ದು ಅಂಗಡಿಗೆ ಮುಟ್ಟಿ, ಅದೇ ವಾರ ಆಕೆಯನ್ನು ಕೆಲಸದಿಂದ ಬಿಡಿಸಿದರು. ಆಕೆ ಫೋನ್ ಮಾಡಿ, "ನನ್ನನ್ನ ಒಂದು ಮಾತು ಕೇಳಬೇಕಿತ್ತಿಲ್ರೀ" ಎಂದಳು. ಅಷ್ಟೇ. ಅಪ್ಪನ ಹಳೆಯ ಗೆಳೆಯರ ಮನೆಮನೆ ತಿರುಗಿ ಆಕೆಗೆ ಕೆಲಸ ಕೇಳಿದೆ. ಕೊನೆಗೆ ನಮ್ಮೂರಲ್ಲೇ ಒಬ್ಬರ ಮಗ್ಗದಲ್ಲಿ ಜಾಗ ಸಿಕ್ಕಿತು. ಕಣ್ಣು ಮಂಜಾದದ್ದರಿಂದ ಅಂಚಿನ ಕುಸುರಿ ಆಗುವುದಿಲ್ಲ, ಸೀರೆಯ ಒಡಲು ಮಾತ್ರ ನೇಯುತ್ತಾಳೆ. ಮಕ್ತಲ್‌ನಿಂದ ಬಸ್ಸಿಗೆ ಬಂದು ಹೋಗುತ್ತಾಳೆ. ದಾರಿಯಲ್ಲಿ ಕಂಡರೆ ತಲೆ ಆಡಿಸುತ್ತಾಳೆ, ನಿಂತು ಮಾತಾಡುವುದಿಲ್ಲ.

ಈಗ ಕಣ್ಣಾರೆ ನೋಡದೆ ಯಾವ ಕೆಲಸವನ್ನೂ ಪುಟಕ್ಕೆ ಹಾಕುವುದಿಲ್ಲ. ಹೀಗಾಗಿ ಪುಟದಲ್ಲಿ ನಾಲ್ಕೋ ಐದೋ ಜಾಹೀರಾತು ಇರುತ್ತವೆ. ಮೊನ್ನೆ ಒಂದು ಜಾಹೀರಾತಿನ ಮಗ್ಗ ನೋಡಲು ಹತ್ತಿರದ ನಾರ್ವ ಎಂಬ ಊರಿಗೆ ಹೋಗಿದ್ದೆ. ಅಲ್ಲಿನ ಮಗ್ಗದ ಯಜಮಾನರು ನಾನು ಮೂಲೆಮೂಲೆ ಇಣುಕುವುದನ್ನು ನೋಡಿ, "ಗಂಡಿನ ಮನಿ ನೋಡಾಕ ಬಂದಂಗ ಬಂದೀರಲ್ಲರೀ!" ಎಂದು ನಕ್ಕರು. ನೇಕಾರ ಕಾಲು ಇಳಿಬಿಡುವ ಕುಣಿಯಲ್ಲಿ ನೀರು ನಿಂತು ನಾರುತ್ತಿತ್ತು. ಇದನ್ನು ಸರಿಮಾಡಿಸಿ ಫೋನ್ ಮಾಡಿ ಎಂದೆ. ಅವರ ನಗು ನಿಂತಿತು. ಟೀ ಬಂತು, ಬೇಡವೆಂದು ಹೇಳಿ ಆಟೊ ಹತ್ತಿದೆ.